ಮಾವನಿಗೊಂದು ಜೊತೆ

ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿ ದೀಪ ಹಾಕಿದಾಗ ತೊಟ್ಟಿಯಲ್ಲಿ ಒಂದೇ ಮೀನಿತ್ತು. ಹಿಂದಿನ ಸಂಜೆ ಬೀಗ ಹಾಕುವಾಗ ಎರಡಿದ್ದವು.

ವಿಮಲ ಚಪ್ಪಲಿ ಬಿಡುವುದನ್ನೂ ಮರೆತು ಗಾಜಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕಲ್ಲಿನ ಸಂದಿಗೊಂದಿಗಳನ್ನೆಲ್ಲ ಹುಡುಕಿದ. ಮುಚ್ಚಳ ಮುಚ್ಚಿದ ಹಾಗೇ ಇತ್ತು. ನೆಲ ಒಣಗಿತ್ತು. ಹಳದಿ ಮೀನಿನ ಒಂದು ಮುಳ್ಳಾಗಲಿ, ರೆಕ್ಕೆಯ ಚೂರಾಗಲಿ ಎಲ್ಲೂ ಕಾಣಲಿಲ್ಲ. ಉಳಿದ ಮೀನು ಮಾತ್ರ ನೀರಿನ ನಡುವೆ ಅಲುಗದೆ ನಿಂತಿತ್ತು. ಕರೀ ಮೈ, ಹೊಟ್ಟೆಯ ಮೇಲೆ ದೊಡ್ಡ ದೊಡ್ಡ ಬಿಳಿ ಚುಕ್ಕೆ, ಆಗಷ್ಟೇ ಎಲೆಯಡಿಕೆ ಹಾಕಿದಂಥ ತುಟಿ. ಅದರ ಎರಡು ಕಣ್ಣುಗಳು ಒಂದರ ಹಂಗು ಇನ್ನೊಂದಕ್ಕಿಲ್ಲದಂತೆ ತಿರುಗುತ್ತಿದ್ದವು. ಈಗ ಒಂದು ಕಣ್ಣು ವಿಮಲನ ಮೇಲಿತ್ತು. ಇನ್ನೊಂದು ಕಣ್ಣು ಗೋಡೆಯ ಪಕ್ಕದ ಖಾಲಿ ಕುರ್ಚಿಯನ್ನು ನೋಡುತ್ತಿತ್ತು.

ಆ ಕುರ್ಚಿ ಅವನ ಅತ್ತೆ ಪದ್ಮಲತಮ್ಮನದು. ಅಂಗಡಿಯೂ ಅವರದೇ, ಅಂಗಡಿ ಇರುವ ಕಟ್ಟಡವೂ ಅವರದೇ. ಒಳಗೆ ಸಾಲಾಗಿ ನೇತುಹಾಕಿದ ಕನ್ನಡಕಗಳು ಮತ್ತು ಸಾಲಾಗಿ ಬರುವ ಚಿಂತೆಗಳು ಮಾತ್ರ ವಿಮಲನವು.

ಮೀನು ಸಾಕುವ ಯೋಚನೆ ಹುಟ್ಟಿದ್ದು ಸಣ್ಣ ಆಸೆಯಿಂದ. ಸಾಗರದ ಪೇಟೆಬೀದಿಯಲ್ಲಿ ಕನ್ನಡಕದ ಅಂಗಡಿಗೆ ಬಂದವರು ಕಣ್ಣಿಗೆ ಹನಿ ಹಾಕಿಸಿಕೊಂಡು ಸುಮ್ಮನೆ ಕೂರಬೇಕಾಗುತ್ತದೆ. ಅವರಿಗೆ ಬೇಸರವಾಗದಿರಲಿ ಎಂದು ವಿಮಲ ಸಮುದ್ರದ ನೀರಿನ ತೊಟ್ಟಿ ಮಾಡಿಸಿದ, ಮಂಗಳೂರಿನಿಂದ ಟ್ರಿಗರ್ ಎಂಬ ಈ ಕರೀ ಮೀನು ತರಿಸಿದ. ಹನಿ ಹಾಕಿಸಿಕೊಂಡವರಿಗೆ ಹೇಗೂ ಎಲ್ಲ ಮಂಜಾಗಿ ಕಾಣುತ್ತದೆ, ತೊಟ್ಟಿ ಯಾಕೆ ಎಂದು ಅವನಿಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಮೀನು ಬಂದ ದಿನ ಪದ್ಮಲತಮ್ಮ ನೋಡಲು ಬಂದರು. ಮೀನು ಮೇಲೆ ಬಂದು ಪಿಚ್ಚನೆ ನೀರು ಉಗುಳಿತು. ಆಮೇಲೆ ಕೆಳಗೆ ಹೋಗಿ ಬಾಯಿಂದ ಒಂದು ಕಲ್ಲನ್ನು ಎಳೆದು ಆಚೆ ಇಟ್ಟಿತು, ಸಮಾಧಾನವಾಗದೆ ಮತ್ತೆ ಈಚೆ ಇಟ್ಟಿತು. ಕೊನೆಗೆ ಗಂಟಲಿನಲ್ಲಿ ಗೊರಗೊರ ಸದ್ದು ಮಾಡುತ್ತ ಕಲ್ಲಿನ ಪೊಟರೆಗೆ ಹೊಕ್ಕು, ಬೆನ್ನಿನ ಮುಳ್ಳನ್ನು ಸೆಟೆಸಿ ಒಳಗಿನಿಂದ ಚಿಲಕ ಹಾಕಿಕೊಂಡಂತೆ ಮಲಗಿತು. ಪದ್ಮಲತಮ್ಮ ಗಾಜಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು. "ಇವರು ಬಂದ್ರು" ಎಂದರು.

ಅವರ ಗಂಡ ಧರಣೇಂದ್ರಯ್ಯ ತೀರಿಕೊಂಡು ಆಗ ಒಂದು ವರ್ಷವೂ ಆಗಿರಲಿಲ್ಲ. ಬದುಕಿದ್ದಾಗ ಅವರೂ ಅಂಗಳಕ್ಕೆ ಉಗುಳುತ್ತಿದ್ದರು. ವಾರಕ್ಕೊಂದು ಸಲ ಮನೆಯ ಮೇಜು ಕುರ್ಚಿ ಎಳೆದಾಡಿ ಜಾಗ ಬದಲಿಸುತ್ತಿದ್ದರು. ಗೊರಗೊರ ಎನ್ನುತ್ತ ಒಳಗಿನಿಂದ ಚಿಲಕ ಹಾಕಿಕೊಂಡೇ ಮಲಗುತ್ತಿದ್ದರು. ಹುಂಚದಲ್ಲಿ ಕೇಳಿದ ಪ್ರವಚನದಲ್ಲಿ ಮುನಿಗಳು ಹೇಳಿದ್ದನ್ನು ಪದ್ಮಲತಮ್ಮ ಮರೆತಿರಲಿಲ್ಲ: ಮಾಯೆ ಮಾಡಿದವರು, ಅಂದರೆ ಒಳಗೊಂದು ಹೊರಗೊಂದು ಇಟ್ಟುಕೊಂಡು ಬದುಕಿದವರು, ಮುಂದಿನ ಜನ್ಮದಲ್ಲಿ ಪ್ರಾಣಿಯಾಗಿ ಹುಟ್ಟುತ್ತಾರೆ. ಗಂಡ ಯಾವ ಮಾಯೆ ಮಾಡಿದ್ದರೆಂದು ಅವರು ಯಾರಿಗೂ ಹೇಳಲಿಲ್ಲ. ಮರುದಿನದಿಂದ ಅಂಗಡಿಗೆ ಬಂದು ಆ ಕುರ್ಚಿಯಲ್ಲಿ ಕೂರತೊಡಗಿದರು. ಗಿರಾಕಿಗಳು ಗೋಡೆಯ ಮೇಲಿನ ಅಕ್ಷರ ಓದುವಾಗ ಅತ್ತೆ ಪಕ್ಕದಲ್ಲಿ ಕೂತು ಮೀನಿಗೆ ಊರಿನ ಸುದ್ದಿ ಹೇಳುತ್ತಿದ್ದರು. ವಿಮಲ ಮೊದಮೊದಲು ನಕ್ಕ. ಆಮೇಲೆ ಮೀನು ತನ್ನನ್ನು ಕಂಡಾಗ ಹುಬ್ಬು ಗಂಟಿಕ್ಕುತ್ತದೆ ಎಂದು ಅವನಿಗೇ ಅನಿಸತೊಡಗಿತು. ಮೀನಿಗೆ ಹುಬ್ಬಿಲ್ಲ. ಆದರೂ ಅನಿಸುತ್ತಿತ್ತು.

ಒಂಟಿಯಾಗಿ ಊಟ ಮಾಡಿದವರಲ್ಲ ಅವರು, ಒಂದು ಜೊತೆ ತರಿಸಿ ಎಂದು ಅತ್ತೆ ಹಠ ಹಿಡಿದರು. ನೀಲಿ ಮೀನು ಬಂತು, ಎರಡೇ ದಿನಕ್ಕೆ ಹೋಯಿತು. ಪಟ್ಟೆಪಟ್ಟೆಯ ಮೀನು ಬಂತು, ಬಾಲ ಮಾತ್ರ ಉಳಿಯಿತು. ಇರುವೆಯನ್ನೂ ತುಳಿಯದ ಹೆಂಗಸು ಆ ಬಾಲವನ್ನು ನೋಡಿ ಒಂದು ದಿನ ನೀರೂ ಮುಟ್ಟಲಿಲ್ಲ. ಮೂರನೆಯದಾಗಿ ಹಳದಿ ಮೀನು ಬಂದಾಗ ಅಳಿಯನನ್ನು ಕರೆದು ಹೇಳಿದರು.

"ನೋಡಿ ಅಳಿಯಂದ್ರೆ, ಈ ಪೆಟ್ಟಿಗೇಲಿ ಇನ್ನೊಂದು ಜೀವ ಹೋದ್ರೆ ಅಂಗಡಿ ಖಾಲಿ ಮಾಡ್ಸಿ ಕಟ್ಟಡ ಬಸದಿಗೆ ಬರ್ದು ಕೊಡ್ತೀನಿ. ಆ ಪಾಪ ನನ್ನ ಸೂರಿನ ಕೆಳಗೆ ಬೇಡ."

ಪದ್ಮಲತಮ್ಮ ಹೇಳಿದರೆ ಮುಗಿಯಿತು. ಮದುವೆಯಾದ ಹೊಸದರಲ್ಲಿ ಹಾಕಿದ ಅಂಗಡಿ. ಬೇರೆ ಕಡೆ ಬೋರ್ಡು ತಗುಲಿಸಿದರೆ ಹುಡುಕಿಕೊಂಡು ಬರಲು ಅವನ ಗಿರಾಕಿಗಳಿಗೆ ಕಣ್ಣು ಬೇರೆ ಸರಿಯಾಗಿ ಕಾಣುವುದಿಲ್ಲ. ವಿಮಲ ಕುಕ್ಕರುಗಾಲಿನಲ್ಲಿ ಕೂತಲ್ಲೇ ಬೆವರಿದ.

ಆಗ ಮೊಬೈಲು ಹೊಡೆದುಕೊಂಡಿತು. ಹೆಂಡತಿ ತ್ರಿಶಲಾ. ಇವತ್ತು ಚತುರ್ದಶಿ, ಅಮ್ಮ ನಸುಕಿನಲ್ಲೇ ಎದ್ದು ಬಸದಿಗೆ ಹೋಗಿದ್ದಾರೆ, ಉಪವಾಸ, ಪೂಜೆ ಮುಗಿಸಿ ಮಧ್ಯಾಹ್ನದ ಮೇಲೆ ಅಂಗಡಿಗೆ ಬರುತ್ತಾರಂತೆ. ಮೀನುಗಳು ಹೇಗಿವೆ ಎಂದು ಈಗಷ್ಟೇ ಫೋನಿನಲ್ಲಿ ಕೇಳಿದರು.

"ಇಬ್ರೂ ಆರಾಮಾಗಿದಾರೆ ಅಂತ ಹೇಳು" ಎಂದ ವಿಮಲ.

"ಅಪ್ಪಂಗೆ ಇವತ್ತು ಊಟ ಹಾಕ್ಬೇಡಿ ಅಂದಿದಾರೆ. ಚತುರ್ದಶಿ ಅಲ್ವಾ."

ಇದು ಹೊಸದೇನಲ್ಲ. ಅಷ್ಟಮಿ ಚತುರ್ದಶಿಗಳಂದು ಮನೆಯವರ ಜೊತೆ ಮೀನಿಗೂ ಉಪವಾಸ. ಉಳಿದ ದಿನ ಹಾಕುವ ಕಾಳು ಸಮುದ್ರದ ಸೊಪ್ಪಿನಿಂದ ಮಾಡಿದ್ದೆಂದು ವಿಮಲ ಅತ್ತೆಗೆ ಹೇಳಿದ್ದ. ಡಬ್ಬಿಯ ಮೇಲೆ ಸೀಗಡಿಯ ಚಿತ್ರವಿತ್ತು. ಅದನ್ನು ಅವನು ಕನ್ನಡಕ ಒರೆಸುವ ಬಟ್ಟೆಯಿಂದ ಸುತ್ತಿ ಮೇಜಿನ ಖಾನೆಯ ತಳದಲ್ಲಿ ಇಟ್ಟಿದ್ದ.

ಫೋನ್ ಇಡುತ್ತಿದ್ದಂತೆ ಅಂಗಡಿಯ ಮೆಟ್ಟಿಲ ಮೇಲೆ ಹೂವು ಮಾರುವ ಬೆಳ್ಳಮ್ಮ ಬುಟ್ಟಿ ಇಳಿಸಿ ಇಣುಕಿದಳು. ನಸುಕಿನಲ್ಲಿ ತಾನು ಹಿಂದಿನ ಓಣಿಯಲ್ಲಿ ಬರುವಾಗ ಅಂಗಡಿಯ ಹಿಂಬಾಗಿಲು ತೆರೆದಿತ್ತಂತೆ. ಒಳಗೆ ಯಾರೋ ಇದ್ದರಂತೆ. ವಿಮಲ ಯಾರೆಂದು ಕೇಳಿದ.

"ಮುಖ ಕಾಣ್ಲಿಲ್ಲ ಅಯ್ಯ. ಸಾಲು ಕಂಡೆ. ದೊಡ್ಡಯ್ಯೋರು ಹೊದೀತಿದ್ರಲ್ಲ, ಆ ಕೆಂಪು ಅಂಚಿನ ಸಾಲು. ನಾನು ಹಾಗೇ ತಿರುಗಿ ನೋಡ್ದೆ ಬಂದ್ಬಿಟ್ಟೆ."

ಆ ಶಾಲು ಹೊದೆಯುತ್ತಿದ್ದವರು ಧರಣೇಂದ್ರಯ್ಯ. ವಿಮಲ ಹಿಂದೆ ಹೋಗಿ ನೋಡಿದ. ಹಿಂಬಾಗಿಲಿಗೆ ಬೀಗ ಬಿದ್ದಿತ್ತು. ಅದರ ಪಕ್ಕದಲ್ಲೇ ಕಣ್ಣು ಪರೀಕ್ಷೆಯ ಕತ್ತಲೆ ಕೋಣೆ, ದಪ್ಪ ಕರೀ ಪರದೆ. ಪರದೆಯ ಆಚೆಯಿಂದ ಗುಳುಗುಳು ಸದ್ದು ಬಂದಂತಾಯಿತು, ಯಾರೋ ಬಾಯಿ ಮುಕ್ಕಳಿಸಿದ ಹಾಗೆ. ತೊಟ್ಟಿಯ ಪಂಪಿನ ಸದ್ದೇ ಗೋಡೆಗೆ ತಾಗಿ ಹೀಗೆ ಕೇಳುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಪರದೆ ಸರಿಸದೆ ಬಂದ. ಧೈರ್ಯ ಸಾಲದಾಗ ಮನುಷ್ಯನಿಗೆ ವಿಜ್ಞಾನ ಚೆನ್ನಾಗಿ ನೆನಪಾಗುತ್ತದೆ.

ಪಕ್ಕದ ಔಷಧದ ಅಂಗಡಿಯ ನಟರಾಜ ಅಷ್ಟರಲ್ಲಿ ವಾಸನೆ ಹಿಡಿದು ಬಂದಾಗಿತ್ತು. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಅವನು ಲೋಕದ ಎಲ್ಲ ವಿಷಯದಲ್ಲೂ ಅರ್ಧರ್ಧ ಪಂಡಿತನಾಗಿದ್ದ. ಟ್ರಿಗರ್ ಮೀನಿನ ಜೊತೆಗೆ ಸಾಧು ಮೀನು ಹಾಕಿದ್ದೇ ತಪ್ಪು, ಮುಳ್ಳಿಗೆ ಮುಳ್ಳೇ ಸರಿ, ಅಷ್ಟೇ ಗಟ್ಟಿ ಇರುವುದನ್ನು ಹಾಕಬೇಕು ಎಂದ. ಈ ಬೀದಿಯಲ್ಲಿ ನಿನ್ನ ಮಾವನ ಜೊತೆ ಜಗಳವಾಡದೆ ಇದ್ದವನು ನೀನೊಬ್ಬನೇ, ನಿನ್ನಂಥದೇ ಒಂದು ಮೀನು ಸಿಕ್ಕಿದರೆ ಚೆನ್ನಾಗಿತ್ತು ಎಂದೂ ಸೇರಿಸಿದ.

ವಿಮಲ ಮೀನು ಕಳಿಸಿದ್ದ ಮಂಗಳೂರಿನ ಸುಪ್ರಿಯಾಗೆ ಫೋನ್ ಮಾಡಿದ. ಅವಳು ಹೇಳಿದ್ದೂ ಹೆಚ್ಚುಕಡಿಮೆ ಅದೇ. ಟ್ರಿಗರಿಗೆ ಸರಿಸಮ ಅಂದರೆ ದೊಡ್ಡ ಪಫರ್ ಮೀನು. ಅದಕ್ಕೆ ಕೋಪ ಬಂದರೆ ಚೆಂಡಿನ ಹಾಗೆ ಉಬ್ಬುತ್ತದೆ, ಮೈತುಂಬ ಮುಳ್ಳು, ಯಾರೂ ಬಾಯಿ ಹಾಕುವುದಿಲ್ಲ. ಹೊಸನಗರದಲ್ಲಿ ಹಲ್ಲಿನ ಡಾಕ್ಟರೊಬ್ಬರು ತೊಟ್ಟಿ ಮುಚ್ಚುತ್ತಿದ್ದಾರೆ, ಅವರ ಹತ್ತಿರ ಒಂದಿದೆ, ಈಗಲೇ ಹೋದರೆ ಸಿಗುತ್ತದೆ. ಹೊಸದನ್ನು ಬಿಡುವ ಮೊದಲು ಕಲ್ಲುಗಳ ಜಾಗ ಬದಲಿಸಿ, ಹಳೆಯದಕ್ಕೆ ತನ್ನ ಮನೆ ಯಾವುದೆಂದು ಮರೆತುಹೋಗಬೇಕು ಎಂದಳು.

"ಮತ್ತೆ ಹಳೇದಕ್ಕೆ ಹೊಟ್ಟೆ ತುಂಬ ಊಟ ಹಾಕಿಯೇ ಹೊಸದನ್ನು ಬಿಡಿ ಆಯ್ತಾ? ಇವತ್ತು ಊಟ ಹಾಕಿದ್ದೀರಲ್ಲ?"

"ಇಲ್ಲ ಮೇಡಂ. ಇವತ್ತು ಅದಕ್ಕೆ ಉಪವಾಸ."

"ಉಪವಾಸ" ಎಂದಳು ಸುಪ್ರಿಯಾ ನಿಧಾನವಾಗಿ. "ಹಾಗಾದ್ರೆ ಮತ್ತೆ ಉಳಿದ ಮೀನುಗಳು ಎಲ್ಲಿ ಹೋದವು ಅಂತ ನನ್ನತ್ರ ಎಂತಕ್ಕೆ ಕೇಳುದು ಮಾರಾಯ್ರೆ?"

ನಟರಾಜನನ್ನು ಅಂಗಡಿಯ ಕಾವಲಿಗೆ ಬಿಟ್ಟು, ಅತ್ತೆ ಬಂದರೆ ಹೇಗಾದರೂ ಮಾತಿಗೆ ಹಿಡಿದು ನಿಲ್ಲಿಸು ಎಂದು ಹೇಳಿ, ವಿಮಲ ಸ್ಕೂಟರಿನಲ್ಲಿ ಹೊಸನಗರದ ದಾರಿ ಹಿಡಿದ. ಕಾಲುಗಳ ನಡುವೆ ಮುಚ್ಚಳದ ಬಕೆಟ್ಟು. ದಾರಿಯುದ್ದಕ್ಕೂ ಸುಪ್ರಿಯಾಳ ಮಾತೇ ತಲೆಯಲ್ಲಿ ತಿರುಗುತ್ತಿತ್ತು. ಊಟ ಹಾಕಬೇಕು, ಅದೂ ಚತುರ್ದಶಿಯ ದಿನ, ಅತ್ತೆಗೆ ತಿಳಿಯದ ಹಾಗೆ. ಈ ಕೆಲಸ ಅವನಿಗೆ ಹೊಸದಲ್ಲ ಎನ್ನುವುದೇ ಹೆದರಿಕೆಯ ವಿಷಯವಾಗಿತ್ತು.

ಯಾಕೆಂದರೆ ಧರಣೇಂದ್ರಯ್ಯನ ಮಾಯೆ ಏನೆಂದು ಲೋಕದಲ್ಲಿ ಒಬ್ಬನಿಗೆ ಗೊತ್ತಿತ್ತು, ಆ ಒಬ್ಬ ವಿಮಲ. ಅವರು ಪರ್ವದ ಉಪವಾಸ ತಪ್ಪಿಸದ ಶ್ರಾವಕರೆಂದು ಇಡೀ ಸಾಗರ ಹೇಳುತ್ತಿತ್ತು. ಉಪವಾಸದ ದಿನ ಮಧ್ಯಾಹ್ನ ಅವರಿಗೆ ಕಣ್ಣು ಮಂಜಾಗುತ್ತದೆ, ಅಳಿಯನ ಹತ್ತಿರ ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ ಎಂದೂ ಹೇಳುತ್ತಿತ್ತು. ಹಿಂಬಾಗಿಲಿನಿಂದ ಕತ್ತಲೆ ಕೋಣೆಗೆ ಬಂದರೆ ಅಲ್ಲಿ ಬಾಳೆಎಲೆಯಲ್ಲಿ ಸುತ್ತಿದ ಬಿಸಿ ಈರುಳ್ಳಿ ಬಜ್ಜಿ ಕಾಯುತ್ತಿರುತ್ತಿತ್ತು. ಅವರ ಮನೆಯಲ್ಲಿ ಈರುಳ್ಳಿ ಹೊಸಿಲು ದಾಟಿದ್ದಿಲ್ಲ. ಉಪವಾಸವೂ ಕೆಟ್ಟಿತು, ನೇಮವೂ ಕೆಟ್ಟಿತು, ಎರಡೂ ಒಂದೇ ತುತ್ತಿಗೆ. ತಿಂದು ಮುಗಿಸಿ, ಹೊರಗೆ ಯಾರಾದರೂ ಇದ್ದಾರೋ ಎಂದು ತಿಳಿಯಲು ಒಳಗಿನಿಂದ ಹಲಗೆಯ ಮೇಲೆ ಟಕ್ ಟಕ್ ಎಂದು ಎರಡು ಸಲ ತಟ್ಟುವರು. "ಯಾರೂ ಇಲ್ಲ ಮಾವ, ಬನ್ನಿ" ಎಂದು ಅಳಿಯ ಹೇಳಿದ ಮೇಲೆ ಬಾಯಿ ಒರೆಸಿಕೊಂಡು ಹೊರಗೆ ಬರುವರು. ಬಜ್ಜಿಯ ಜೊತೆಗಾರ ಅಳಿಯನೇ. ಎರಡು ಬಜ್ಜಿ ಅವನಿಗೂ ಸಲ್ಲುತ್ತಿದ್ದವು.

ಬಟ್ಟೆಮಲ್ಲಪ್ಪ ಎಂಬ ಊರು ದಾಟುವಾಗ ವಿಮಲನಿಗೆ ಮೊದಲ ಬಾರಿಗೆ ಒಂದು ಯೋಚನೆ ಬಂತು. ತಿಂದವರು ಮೀನಾದರೆ ತಿನ್ನಿಸಿದವನು ಏನಾಗುತ್ತಾನೆ? ಸ್ಕೂಟರಿನ ವೇಗ ಹೆಚ್ಚಿಸಿದ.

ಹೊಸನಗರದ ಹಲ್ಲಿನ ಡಾಕ್ಟರ್ ಮುಕುಂದಯ್ಯ ಮಗಳನ್ನು ಕೊಡುವವರ ಹಾಗೆ ವಿಚಾರಿಸಿದರು. ತೊಟ್ಟಿ ಎಷ್ಟುದ್ದ, ನೀರು ಎಂಥದ್ದು, ಮೊದಲೇ ಇರುವವರ ಸ್ವಭಾವ ಹೇಗೆ. ತುಂಬ ಸಾಧು ಎಂದ ವಿಮಲ. ಮುಂಚೆ ಯಾರಾದರೂ ಇದ್ದರೇ ಎಂದು ಕೇಳಿದರು. ಇದ್ದರು, ಹೊಂದಿಕೊಳ್ಳಲಿಲ್ಲ ಎಂದ. ಆಮೇಲೆ ಡಾಕ್ಟರು ತಮ್ಮ ಕಷ್ಟ ಹೇಳಿಕೊಂಡರು. ಈ ಪಫರ್ ಮೀನಿನ ಹಲ್ಲು ಕಂಡು ರೋಗಿಗಳು ಎದ್ದು ಹೋಗುತ್ತಾರಂತೆ. ಕೆಲವರು ಇದಕ್ಕೆ ಹಲ್ಲು ಕಟ್ಟಿದ್ದು ನೀವೇನಾ ಎಂದು ಕೇಳುತ್ತಾರಂತೆ.

ಮೀನನ್ನು ನೀರು ತುಂಬಿದ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿದಾಗ ಡಾಕ್ಟರು ಒಮ್ಮೆ ಮೀನನ್ನು, ಒಮ್ಮೆ ವಿಮಲನನ್ನು ನೋಡಿದರು. ದುಂಡು ಮುಖ, ಉಬ್ಬಿದ ಕೆನ್ನೆ, ದಪ್ಪ ಗಾಜಿನ ಹಿಂದಿನಿಂದ ನೋಡುವಂಥ ದೊಡ್ಡ ಕಣ್ಣು, ಈಗಲೋ ಆಗಲೋ ಬೈಗುಳ ಬೀಳುತ್ತದೆ ಎಂದು ಕಾಯುವ ಬಾಯಿ.

"ನೀವೇನೂ ತಿಳ್ಕೋಬೇಡಿ" ಎಂದರು. "ನಿಮ್ಮ ಮನೆಗೆ ಹೋಗ್ಬೇಕು ಅಂತ್ಲೇ ಇತ್ತೇನೋ ಇದು."

ವಾಪಸ್ಸು ಬರುವಾಗ ರಸ್ತೆಯ ಉಬ್ಬು ಬಂದಾಗೆಲ್ಲ ಪಫರ್ ಬೆದರಿ ಉಬ್ಬಿತು. ಬಕೆಟ್ಟಿನ ಮುಚ್ಚಳ ಮೇಲೆದ್ದಿತು. ಅದು ಇಳಿದ ಮೇಲೆ ವಿಮಲ ನಿಟ್ಟುಸಿರು ಬಿಟ್ಟ, ಮುಂದಿನ ಉಬ್ಬಿಗೆ ಮತ್ತೆ ಮುಚ್ಚಳ ಎದ್ದಿತು. ಹೆದರಿದಾಗ ಅವನದೂ ಕೆನ್ನೆ ಉಬ್ಬುತ್ತದೆ ಎಂದು ತ್ರಿಶಲಾ ನಗುತ್ತಿದ್ದದ್ದು ನೆನಪಾಯಿತು. ಈ ದಿನ ಅದು ಅವನಿಗೆ ನಗು ತರಲಿಲ್ಲ.

ಸಾಗರ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ನಟರಾಜ ಊಟಕ್ಕೆ ಹೊರಡಲು ತುದಿಗಾಲಿನಲ್ಲಿ ನಿಂತಿದ್ದ. ಮುಂಬಾಗಿಲಿನಿಂದ ಒಂದು ನರಪಿಳ್ಳೆಯೂ ಒಳಗೆ ಬಂದಿಲ್ಲ, ತಾನು ಕಣ್ಣು ಮುಚ್ಚಿಲ್ಲ ಎಂದು ಆಣೆ ಮಾಡಿದ. ಆದರೆ ಒಳಗೆ ಒಂದೆರಡು ಸಲ ಯಾರೋ ಕೆಮ್ಮಿದ ಹಾಗಾಯಿತು, ಮೀನು ಕೆಮ್ಮುತ್ತದೇನೋ ನನಗೆ ಗೊತ್ತಿಲ್ಲ ಎಂದೂ ಹೇಳಿ ಸರಸರ ಹೋಗಿಬಿಟ್ಟ.

ವಿಮಲ ಶಟರನ್ನು ಪೂರ್ತಿ ಇಳಿಸಿದ. ಪಫರ್ ಇದ್ದ ಚೀಲವನ್ನು ಹಾಗೇ ತೊಟ್ಟಿಯ ನೀರಿನ ಮೇಲೆ ತೇಲಬಿಟ್ಟ. ಒಳಗಿನ ನೀರೂ ಹೊರಗಿನ ನೀರೂ ಒಂದೇ ಬಿಸಿಗೆ ಬರುವ ತನಕ ಹೀಗೇ ಇರಬೇಕು, ಆಮೇಲೆ ಗಂಟು ಬಿಚ್ಚಬೇಕು. ಟ್ರಿಗರ್ ಪೊಟರೆಯಿಂದ ಮೆಲ್ಲಗೆ ಹೊರಗೆ ಬಂತು. ಚೀಲದ ಸುತ್ತ ಒಂದು ಸುತ್ತು ಬಂತು. ನೀಲಿ ಮೀನಿನ ಮೇಲೆ ಬಾಣದಂತೆ ಎರಗಿದ್ದ ಟ್ರಿಗರ್ ಈಗ ಎರಗಲಿಲ್ಲ. ಚೀಲಕ್ಕೆ ಮೂತಿ ತಾಗಿಸಿ ಒಳಗಿದ್ದ ಪಫರಿನ ಮುಖವನ್ನು ನೋಡುತ್ತ ನಿಂತಿತು. ಒಂದು ಕಣ್ಣು ಪಫರಿನ ಮೇಲೆ. ಇನ್ನೊಂದು ಕಣ್ಣು ತಿರುಗಿ ತಿರುಗಿ ವಿಮಲನ ಮೇಲೆ ಬಂದು ನಿಂತಿತು.

ಆಗ ಕರೆಂಟು ಹೋಯಿತು.

ದೀಪ ಆರಿತು, ಪಂಪು ನಿಂತಿತು. ಶಟರಿನ ತಳದಲ್ಲಿ ಬಿಸಿಲಿನ ಒಂದು ಗೆರೆ ಮಾತ್ರ ಉಳಿಯಿತು. ಗೋಡೆಯ ಮೇಲಿನ ನೂರಾರು ಕನ್ನಡಕಗಳಲ್ಲಿ ಆ ಗೆರೆ ಮಿನುಗಿತು, ಎಲ್ಲವೂ ಅವನನ್ನೇ ನೋಡುವಂತೆ. ಕರೆಂಟು ಹೋದಾಗ ಮೀನಿಗೆ ಗಾಳಿ ಊದುವ ಬ್ಯಾಟರಿಯ ಪುಟ್ಟ ಯಂತ್ರವೊಂದಿತ್ತು. ವಿಮಲ ತಡಕಾಡಿದ. ಅದು ಇರಬೇಕಾದ ಜಾಗದಲ್ಲಿ ಇರಲಿಲ್ಲ.

ಗುಳುಗುಳು, ಗುಳುಗುಳು.

ಸದ್ದು ಕತ್ತಲೆ ಕೋಣೆಯಿಂದ ಬರುತ್ತಿತ್ತು. ಪಂಪಿನ ಸದ್ದು ಗೋಡೆಗೆ ತಾಗಿದ್ದು ಎನ್ನಲು ಈಗ ಪಂಪೇ ನಿಂತಿತ್ತು. ಆದರೆ ನಿಂತು ನಡುಗಲು ಸಮಯವಿರಲಿಲ್ಲ, ಅತ್ತೆ ಯಾವ ಗಳಿಗೆಯಲ್ಲಾದರೂ ಬರಬಹುದು. ಮೊದಲು ಮೀನಿನ ಹೊಟ್ಟೆ, ಆಮೇಲೆ ದೆವ್ವ ಎಂದು ಅವನು ಖಾನೆಯ ತಳಕ್ಕೆ ಕೈಹಾಕಿ ಸೀಗಡಿ ಕಾಳಿನ ಡಬ್ಬಿ ತೆಗೆದ. ಮುಚ್ಚಳ ಸರಿಸಿ ನೀರಿಗೆ ಒಂದು ಹಿಡಿ ಸುರಿದ.

ಟ್ರಿಗರ್ ಕಚಕಚ ಎಂದು ಅಗಿಯುವುದು ಕೇಳಿಸಿತು. ಧರಣೇಂದ್ರಯ್ಯನೂ ಬಜ್ಜಿಯನ್ನು ಹೀಗೇ ಸದ್ದು ಮಾಡಿ ತಿನ್ನುತ್ತಿದ್ದರು.

"ಬೇಗ ಮಾವ" ಎಂದು ಪಿಸುಗುಟ್ಟಿದ ವಿಮಲ. ಹೇಳಿದ ಮೇಲೆ ಅವನಿಗೇ ಕೇಳಿಸಿತು, ತಾನು ಏನು ಹೇಳಿದೆ ಎಂದು.

ಅಗಿಯುವುದು ನಿಂತಿತು. ಗೊರಗೊರ ಸದ್ದು ಒಂದಿಷ್ಟು ಬಂದು ಅಡಗಿತು. ಆಮೇಲೆ ತೊಟ್ಟಿಯ ಒಳಗಿನಿಂದ, ಗಾಜಿನ ಮೇಲೆ, ಸ್ಪಷ್ಟವಾಗಿ,

ಟಕ್ ಟಕ್.

ಓಡಬೇಕೆಂದು ವಿಮಲನ ಬುದ್ಧಿ ಹೇಳಿತು. ಆದರೆ ವರ್ಷಾನುಗಟ್ಟಲೆ ಪಳಗಿದ ನಾಲಿಗೆ ಬುದ್ಧಿಯ ಮಾತು ಕೇಳಲಿಲ್ಲ.

"ಯಾರೂ ಇಲ್ಲ ಮಾವ, ಬನ್ನಿ" ಎಂದುಬಿಟ್ಟಿತು.

"ನಾನಿದೀನಿ" ಎಂದಿತು ಕತ್ತಲೆ ಕೋಣೆ.

ಪರದೆ ಸರಿಯಿತು. ಕೆಂಪಂಚಿನ ಶಾಲು ಹೊದ್ದ ಆಕಾರವೊಂದು ಪರೀಕ್ಷೆಯ ಎತ್ತರದ ಕುರ್ಚಿಯಲ್ಲಿ ನೆಟ್ಟಗೆ ಕೂತಿತ್ತು. ವಿಮಲ ಕೂಗಬೇಕೆಂದು ಬಾಯಿ ತೆರೆದ, ಗಾಳಿ ಮಾತ್ರ ಹೊರಗೆ ಬಂತು. ಅಷ್ಟರಲ್ಲಿ ಕರೆಂಟು ಬಂತು. ಶಾಲಿನೊಳಗಿದ್ದವರು ಪದ್ಮಲತಮ್ಮ. ಅವರ ಕಾಲಬುಡದಲ್ಲಿ ಒಂದು ಬಕೆಟ್ಟು, ಬಕೆಟ್ಟಿನಲ್ಲಿ ಬ್ಯಾಟರಿಯ ಗಾಳಿಯಂತ್ರ ಗುಳುಗುಳು ಎನ್ನುತ್ತಿತ್ತು. ಗುಳ್ಳೆಗಳ ನಡುವೆ ಹಳದಿ ಮೀನು, ಬಾಲದ ತುದಿ ಚೂರು ಹರಿದಿದ್ದು ಬಿಟ್ಟರೆ, ಆರೋಗ್ಯವಾಗಿ ಈಜುತ್ತಿತ್ತು.

ವಿಮಲನಿಗೆ ಮೊದಲು ಬಂದದ್ದು ಸಂತೋಷ. ಜೀವ ಹೋಗಿಲ್ಲ, ಅಂಗಡಿ ಉಳಿಯಿತು. ಎರಡನೆಯದಾಗಿ ಬಂದ ಯೋಚನೆಗೆ ಆ ಸಂತೋಷ ಹಾಗೇ ಇಳಿದುಹೋಯಿತು. ಇವರು ಎಷ್ಟು ಹೊತ್ತಿನಿಂದ ಇಲ್ಲಿ ಕೂತಿದ್ದಾರೆ?

ಕೇಳುವ ಮೊದಲೇ ಅತ್ತೆ ಹೇಳಿದರು. ನಸುಕಿನಲ್ಲಿ ಕನಸು ಬಿತ್ತಂತೆ. ಗಂಡ ಬಂದು ಹಸಿವು ಹಸಿವು ಎಂದರಂತೆ. ಚಳಿಗೆ ಕೈಗೆ ಸಿಕ್ಕಿದ ಶಾಲು ಹೊದ್ದು ತಮ್ಮ ಕೀಲಿಯಿಂದ ಹಿಂಬಾಗಿಲು ತೆಗೆದು ಬಂದು ನೋಡಿದರೆ ತೊಟ್ಟಿಯಲ್ಲಿ ಹಳದಿ ಮೀನಿನ ಬಾಲ ಗಂಡನ ಬಾಯಲ್ಲಿತ್ತು. ಬಲೆ ಹಾಕಿ ಹಳದಿಯನ್ನು ಬಿಡಿಸಿ ಬಕೆಟ್ಟಿಗೆ ಹಾಕಿ, ನೆಲ ಒರೆಸಿ, ಬೀಗ ಹಾಕಿ ಬಸದಿಗೆ ಹೋದರು. ವಿಮಲ ಹೊಸನಗರಕ್ಕೆ ಹೋದ ಮೇಲೆ ಮತ್ತೆ ಅದೇ ಬಾಗಿಲಿನಿಂದ ಬಂದು ಕೂತರು.

"ಫೋನ್ ಮಾಡ್ಸಿ ಕೇಳ್ದೆ. ಒಂದು ಕಾಣ್ತಾ ಇಲ್ಲ ಅತ್ತೆ ಅಂತೀರೇನೋ ಅಂತ ಕಾದೆ. ಅಂದಿದ್ರೆ ಅಲ್ಲಿಗೇ ಮುಗೀತಿತ್ತು."

ವಿಮಲ ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿದ. ಸೀಗಡಿಯ ಚಿತ್ರ ಹಿಂದಿನ ಕನ್ನಡಿಯಲ್ಲಿ ಕಾಣುತ್ತಿತ್ತು.

"ಅದನ್ನ ಮುಚ್ಚಿಡೋದೇನು. ಸೊಪ್ಪಿಗೆ ಮೀಸೆ ಇರಲ್ಲ ಅನ್ನೋದು ನಂಗೆ ಗೊತ್ತು" ಎಂದರು ಅತ್ತೆ.

ಇನ್ನು ಬಜ್ಜಿಯದೊಂದು ಉಳಿದಿದೆ, ಅದಾದರೂ ಉಳಿಯಲಿ ಎಂದು ವಿಮಲ ಮನಸ್ಸಿನಲ್ಲೇ ಸಿದ್ಧರನ್ನೆಲ್ಲ ನೆನೆದ. ಪದ್ಮಲತಮ್ಮ ಎದ್ದು ತೊಟ್ಟಿಯ ಹತ್ತಿರ ಬಂದರು. ಟ್ರಿಗರ್ ಅವರಿದ್ದ ಕಡೆ ತಿರುಗಿತು. ಅವರು ಗಾಜಿನ ಮೇಲೆ ಅಂಗೈ ಇಟ್ಟರು. ಧ್ವನಿಯಲ್ಲಿ ಕೋಪವಿರಲಿಲ್ಲ, ಅದೇ ವಿಮಲನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಹದಿನೈದು ದಿನಕ್ಕೆರಡ್ಸಲ ಕಣ್ಣು ಪರೀಕ್ಷೆ. ಕನ್ನಡಕ ಮಾತ್ರ ಅವರು ಹೋಗೋವರೆಗೂ ಅದೇ ಹಳೇದು. ಅವರ ಟವೆಲ್ ಒಗೀತಿದ್ದೋಳು ನಾನು ಅಳಿಯಂದ್ರೆ. ಈರುಳ್ಳಿ ವಾಸನೆ ನಂಗೆ ಗೊತ್ತಾಗಲ್ವಾ?"

ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ವಿಮಲ ಹೇಗೋ ಕೇಳಿದ. ಹೇಳಿದ್ದರೆ ಅವರು ಬಿಡುತ್ತಿರಲಿಲ್ಲ, ಬೇರೆ ಜಾಗ ಹುಡುಕುತ್ತಿದ್ದರು, ಅಳಿಯನ ಹತ್ತಿರ ಇದ್ದರೆ ಕಣ್ಣಳತೆಯಲ್ಲಾದರೂ ಇರುತ್ತಾರೆ ಎಂದು ಸುಮ್ಮನಿದ್ದೆ ಎಂದರು ಪದ್ಮಲತಮ್ಮ. ಹೇಳುತ್ತ ಅವರ ಕಣ್ಣಲ್ಲಿ ನೀರು ಬಂತು. ಆ ಗಂಡನ ಮೇಲೆ ಅವರಿಗೆ ಅಷ್ಟೊಂದು ಪ್ರೀತಿ ಇತ್ತೆಂದು ವಿಮಲನಿಗೆ ಆವತ್ತೇ ತಿಳಿದದ್ದು.

ಅವನು ಅಂಗಡಿಯ ಮಾತೆತ್ತಿದ.

"ಅಂಗಡಿ ಎಲ್ಲಿ ಬಿಡಿಸ್ಲಿ" ಎಂದರು ಅತ್ತೆ ಕಣ್ಣೊರೆಸಿಕೊಂಡು. "ನೀವು ಹೋದ್ರೆ ಇವರನ್ನ ನೋಡ್ಕೊಳ್ಳೋರ್ಯಾರು? ನೀವು ಎಲ್ಲಿಗೂ ಹೋಗೋ ಹಾಗಿಲ್ಲ. ಆದ್ರೆ ಇನ್ನು ಮುಂದೆ ಚತುರ್ದಶಿಗೆ ಮೀನಿಗೆ ಊಟ ಹಾಕಿ. ಉಪವಾಸ ನೀವು ಮಾಡಿ. ನಾನು ಇದೇ ಕುರ್ಚೀಲಿ ಕೂತು ನೋಡ್ತಿರ್ತೀನಿ."

ವಿಮಲನಿಗೆ ಬೆಳಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ ಎನ್ನುವುದು ಆಗ ನೆನಪಾಯಿತು. ತಲೆಯಾಡಿಸಿದ. ಅಂಗಡಿ ಉಳಿದ ಮೇಲೆ ತಿಂಗಳಿಗೆರಡು ಉಪವಾಸ ದೊಡ್ಡದಲ್ಲ. ಕೆಲಸದಲ್ಲಾದರೂ ಮುಖ ಮರೆಸಿಕೊಳ್ಳೋಣವೆಂದು ತೇಲುತ್ತಿದ್ದ ಚೀಲದ ಗಂಟಿಗೆ ಕೈಹಾಕಿದ. ಮಾವನಿಗೆ ಈ ಪಫರ್ ಹಿಡಿಸಿದೆ, ಆಗಿನಿಂದ ನೋಡುತ್ತಿದ್ದೇನೆ, ಒಂದು ಸಲವೂ ಕಚ್ಚಲು ಹೋಗಿಲ್ಲ, ಕೊನೆಗೂ ಸರಿಯಾದ ಜೊತೆ ಸಿಕ್ಕಿತು ಎಂದ.

ಪದ್ಮಲತಮ್ಮ ಬಗ್ಗಿ ಚೀಲದೊಳಗೆ ನೋಡಿದರು. ದುಂಡು ಮುಖ, ದೊಡ್ಡ ಕಣ್ಣು, ಹೆದರಿದ ಬಾಯಿ. ಆಮೇಲೆ ಚೀಲದಾಚೆ ಇದ್ದ ಅಳಿಯನ ಮುಖ ನೋಡಿದರು. ಬಹಳ ಹೊತ್ತು ನೋಡಿದರು.

"ಗಂಟು ಬಿಚ್ಬೇಡಿ. ಇದನ್ನ ವಾಪಸ್ ಕೊಟ್ಟು ಬನ್ನಿ. ಹಳದಿಯನ್ನೂ ಕಳ್ಸಿ. ಇನ್ಯಾವ ಮೀನೂ ತರಿಸ್ಬೇಡಿ."

"ಮತ್ತೆ ಮಾವಂಗೆ ಜೊತೆ?"

"ಮಾಯೆ ಮಾಡಿದ್ದು ಅವರೊಬ್ರೇ ಅಲ್ವಲ್ಲ" ಎಂದರು ಪದ್ಮಲತಮ್ಮ. "ಆ ಜಾಗಕ್ಕೆ ಬರೋರು ಇದಾರೆ. ಅಲ್ಲಿವರೆಗೂ ಖಾಲಿ ಇರ್ಲಿ."

ವಿಮಲನ ಕೆನ್ನೆಗಳು ತಾವಾಗಿಯೇ ಉಬ್ಬಿದವು. ಚೀಲದೊಳಗೆ ಪಫರೂ ಉಬ್ಬಿತು.

ಅತ್ತೆ ತಮ್ಮ ಕುರ್ಚಿಗೆ ಹೋಗಿ ಕೂತು, ಶಾಲು ಸರಿಮಾಡಿಕೊಂಡು, ತೊಟ್ಟಿಯ ಉದ್ದಗಲವನ್ನು ಕಣ್ಣಲ್ಲೇ ಅಳೆದರು. ಇಬ್ಬರಿಗೆ ಇದು ಸಾಲದು, ದೊಡ್ಡದೊಂದು ಮಾಡಿಸಬೇಕು ಎಂದರು. ಆಮೇಲೆ ಏನೋ ನೆನಪಾದಂತೆ, ಮದುವೆಯ ಮನೆಯಲ್ಲಿ ಕೇಳುವಷ್ಟು ಸಹಜವಾಗಿ ಕೇಳಿದರು.

"ನಿಮಗೀಗ ವಯಸ್ಸೆಷ್ಟು?"

"ನಲವತ್ತೇಳು ಅತ್ತೆ."

"ಹಾಗಾದ್ರೆ ಅವಸರ ಇಲ್ಲ. ನಿಧಾನಕ್ಕೆ ಮಾಡಿಸಿದ್ರಾಯ್ತು."

ತೊಟ್ಟಿಯೊಳಗೆ ಟ್ರಿಗರ್ ಒಂದು ಕಣ್ಣು ಅತ್ತೆಯ ಮೇಲೂ ಒಂದು ಕಣ್ಣು ಅಳಿಯನ ಮೇಲೂ ಇಟ್ಟುಕೊಂಡು ಕೆಳಗೆ ಇಳಿಯಿತು. ತನ್ನ ಪೊಟರೆಯ ಪಕ್ಕದ ಕಲ್ಲನ್ನು ಬಾಯಿಂದ ಎಳೆದು ಆಚೆ ಇಟ್ಟಿತು. ಅಲ್ಲಿದ್ದ ಮರಳನ್ನು ಊದಿ ಊದಿ ಇನ್ನೊಬ್ಬರು ಮಲಗುವಷ್ಟು ಜಾಗ ಮಾಡತೊಡಗಿತು.